ತಿಕೋಟಾ ಬಸ್ಸಿನಲ್ಲಿ ಬಂದ ಸರ್ವರ್

ದೂರದ ಸರ್ವರುಗಳನ್ನು ಕುಂತಲ್ಲಿಂದಲೇ ನಡೆಸುವ ಸಾಫ್ಟ್‌ವೇರ್ ಮಾಡಿ ಮಾರುವವನು ನಾನು. ಅಥಣಿ ರಸ್ತೆಯಲ್ಲಿ ನನ್ನ ಆಫೀಸು. ತಿಕೋಟಾದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಆ ಸಾಫ್ಟ್‌ವೇರ್ ಕೊಂಡಿದ್ದರು. ಆದರೂ ಏನೇ ಕೆಡಲಿ, ಬಸ್ಸು ಹತ್ತಿ ಬಂದೇಬಿಡುವರು. ಒಮ್ಮೆ ಕೀಬೋರ್ಡ್ ತಂದರು, ಇನ್ನೊಮ್ಮೆ ವೈರಿನ ಸುರುಳಿ. ದಲಾಲರ ಮುಂದೆ ಮಾದರಿ ದ್ರಾಕ್ಷಿ ಹರವಿದಂತೆ ನನ್ನ ಮೇಜಿನ ಮೇಲಿಟ್ಟು, "ಮೊದಲ ಕಣ್ಣಲೆ ನೋಡ್ರಿ, ಆಮ್ಯಾಲೆ ಮಾತಾಡ್ರಿ" ಅನ್ನುವರು.

"ನೀವು ಬರಬಾರದು ಅಂತನ ಇದನ್ನ ಮಾಡೇನ್ರಿ ಯಪ್ಪಾ!" ಎಂದು ಎಷ್ಟು ಸಲ ಕೂಗಾಡಿದ್ದೇನೋ.

ಒಂದು ದಿನ ಸರ್ವರನ್ನೇ ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದರು. ತಲೆ ಚಿಟ್ಟು ಹಿಡಿಯಿತು. ಗೊಣಗುತ್ತಲೇ ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಗೇಣು ದೂರದಲ್ಲಿದ್ದರೂ ಸಂಪರ್ಕ ಸಿಗಲಿಲ್ಲ. ಹಿಂದಿನ ವಾರ ನಾನೇ ಕಳಿಸಿದ ಅಪ್‌ಡೇಟಿಗೆ ಅಂಥ ಹಳೇ ಸರ್ವರಿನ ಗುರುತೇ ಹತ್ತುತ್ತಿರಲಿಲ್ಲ.

ಸರಿಮಾಡಿದೆ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ.

"ಒಂದು ಫೋನ್ ಮಾಡಾಕ ಏನಾಗಿತ್ರಿ ನಿಮಗ?"

ಅವರು ಸರ್ವರಿಗೆ ಮತ್ತೆ ಟವೆಲ್ ಸುತ್ತುತ್ತಿದ್ದರು.

"ಮೂರು ಸಲ ಮಾಡೇನ್ರಿ. ತಿಕೋಟಾದಾಗ ನೆಟ್ ಸರಿ ಇಲ್ಲ ಅಂತ ಮೂರೂ ಸಲ ನೀವ ಇಟ್ಟಬಿಟ್ರಿ."