ಮುಂದಿನ ಬಸ್ಸಿನ ಬಲಗೈ

ಅವರ ಎರಡು ಕೈಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅವು ಒಬ್ಬ ಮನುಷ್ಯನವೇ ಎಂದು ಯಾರೂ ನಂಬುತ್ತಿರಲಿಲ್ಲ. ಎಡಗೈ ಗೋಧಿ ಬಣ್ಣದ್ದು. ಬಲಗೈ ಮಾತ್ರ, ಮಡಿಸಿದ ಖಾಕಿ ತೋಳಿನ ಅಂಚಿನಿಂದ ಬೆರಳ ತುದಿಯವರೆಗೆ, ಕೆಂಡದಲ್ಲಿ ಸುಟ್ಟ ಬದನೆಕಾಯಿಯ ಸಿಪ್ಪೆಯಂತೆ ಕಪ್ಪಗೆ ಮಿರುಗುತ್ತಿತ್ತು. ವರ್ಷಗಟ್ಟಲೆ ಆ ಕೈ ಬಸ್ಸಿನ ಕಿಟಕಿಯಿಂದ ಆಚೆ, ಬಿಸಿಲಿನಲ್ಲಿ ಇದ್ದದ್ದೇ ಅದಕ್ಕೆ ಕಾರಣ. ನಾನು ಅವರ ಮುಖಕ್ಕಿಂತ ಆ ಕೈಯನ್ನೇ ಹೆಚ್ಚು ನೋಡಿದ್ದೇನೆ. ಏಕೆಂದರೆ ಅವರು ಮುಂದಿನ ಬಸ್ಸಿನ ಡ್ರೈವರು, ನಾನು ಹಿಂದಿನ ಬಸ್ಸಿನವನು.

ಐವತ್ತರ ದಶಕದ ಮಾತು. ಒಬ್ಬರೇ ಸಾಹುಕಾರರಿಗೆ ಸೇರಿದ ಎರಡು ಖಾಸಗಿ ಬಸ್ಸುಗಳು. ಅವರದು ದೇವನಹಳ್ಳಿ ಕಡೆಯಿಂದ ಬರುತ್ತಿತ್ತು, ನನ್ನದು ದೊಡ್ಡಬಳ್ಳಾಪುರದ ಕಡೆಯಿಂದ. ಯಲಹಂಕದಿಂದಾಚೆಗೆ ಇಬ್ಬರಿಗೂ ಒಂದೇ ರಸ್ತೆ. ಅಲ್ಲಾಳಸಂದ್ರ ದಾಟಿ, ಹೆಬ್ಬಾಳದ ಕೆರೆ ಏರಿ ಹತ್ತಿ ಇಳಿದು, ಪೇಟೆ ಸೇರಬೇಕು. ನಡುವೆ ಒಂದು ಲಾರಿಯ ಅಗಲದಷ್ಟು ಟಾರು, ಎರಡೂ ಕಡೆ ಮಣ್ಣು, ಮಣ್ಣಿನ ಅಂಚಿಗೆ ಸಾಲುಮರ. ಆರ್.ಟಿ. ನಗರ ಎಂಬ ಹೆಸರೇ ಆಗ ಹುಟ್ಟಿರಲಿಲ್ಲ, ಅಲ್ಲೆಲ್ಲ ರಾಗಿ ಹೊಲ.

ಆ ಕಾಲದ ಬಸ್ಸುಗಳಿಗೆ ಮಿಣುಕುವ ದೀಪಗಳಿರಲಿಲ್ಲ. ಡ್ರೈವರಿನ ಮನಸ್ಸಿನಲ್ಲಿ ಏನಿದೆಯೋ ಅದನ್ನು ಅವನ ಬಲಗೈಯೇ ಹೇಳಬೇಕು. ಕೈ ಹೊರಗೆ ಹಾಕಿ ಮುಂದಕ್ಕೆ ಬೀಸಿದರೆ ‘ನೀನು ಹೋಗು’ ಎಂದು ಅರ್ಥ. ಅದಕ್ಕೆ ಸೈಡ್ ಕೊಡುವುದು ಎನ್ನುತ್ತಿದ್ದೆವು. ಅಂಗೈ ಕೆಳಗೆ ಮಾಡಿ, ಮಗುವನ್ನು ತಟ್ಟಿ ಮಲಗಿಸುವ ಹಾಗೆ ಗಾಳಿಯನ್ನು ಅದುಮಿದರೆ ‘ನಿಲ್ಲು, ಮುಂದೆ ಏನೋ ಇದೆ’ ಎಂದು. ನಮ್ಮಲ್ಲಿ ಬಹಳ ಜನಕ್ಕೆ ಕೈ ಹೊರಗೆ ಹಾಕುವುದೇ ಬೇಸರ. ನನಗಂತೂ ಅದು ಅವಮಾನ. ಹಿಂದಿನವನಿಗೆ ನಾನೇಕೆ ಲೆಕ್ಕ ಒಪ್ಪಿಸಬೇಕು ಎಂಬ ಸೊಕ್ಕು.

ಅವರಿಗೆ ಎತ್ತುಗಳ ಹತ್ತಿರ ಹಾರನ್ ಒತ್ತುವ ಅಭ್ಯಾಸವಿರಲಿಲ್ಲ. ಗಾಡಿಯ ಹಿಂದೆ ಬಂದು ನಿಧಾನಿಸಿ, ಬಾಗಿಲ ತಗಡಿಗೆ ಹೊರಗಿನಿಂದ ಅಂಗೈಯಲ್ಲಿ ಪಟಪಟ ಎಂದು ತಟ್ಟುತ್ತಿದ್ದರು. ಆ ರಸ್ತೆಯ ಎತ್ತುಗಳಿಗೆ ಆ ಸದ್ದು ಗೊತ್ತಿತ್ತು. ಗಾಡಿಯವನು ತೂಕಡಿಸುತ್ತಿದ್ದರೂ ಅವು ತಾವಾಗಿ ಮಣ್ಣಿಗಿಳಿಯುತ್ತಿದ್ದವು. ಅವರು ದಾಟುವಾಗ ಗಾಡಿಯವನಿಗೆ ಕೈ ಎತ್ತಿ ನಮಸ್ಕಾರ ಹೇಳಿಯೇ ಹೋಗುತ್ತಿದ್ದರು. ಒಂದು ದಿನ ನಾನೂ ಬಾಗಿಲು ತಟ್ಟಿ ನೋಡಿದೆ. ಎತ್ತುಗಳು ಕಿವಿ ಕೂಡ ಆಡಿಸಲಿಲ್ಲ. ಎತ್ತಿನ ಮೇಲೂ ಸಿಟ್ಟು ಬರುತ್ತದೆ ಎಂದು ನನಗೆ ಅವತ್ತು ತಿಳಿಯಿತು.

ಊರೂರಿನ ಜನ ಅವರನ್ನು ‘ಡ್ರೈವರಪ್ಪ’ ಎಂದು ಕರೆಯುತ್ತಿದ್ದರು. ನಾನೂ ಡ್ರೈವರೇ, ನನ್ನನ್ನು ಯಾರೂ ಹಾಗೆ ಕರೆಯಲಿಲ್ಲ. ‘ಹಿಂದ್ಲ ಬಸ್ಸೋನು’, ಅಷ್ಟೇ. ಹೈಸ್ಕೂಲು ಮುಗಿಸಿದ್ದೆ, ಅವರಿಗಿಂತ ವಯಸ್ಸು ಕಡಿಮೆ, ಕೈಯಲ್ಲಿ ಕಸುವಿತ್ತು, ಬಸ್ಸನ್ನು ಅವರಿಗಿಂತ ಜೋರಾಗಿ ಓಡಿಸುತ್ತಿದ್ದೆ. ಆದರೂ ಸಾಹುಕಾರರು ಹೊಸ ಬಸ್ಸು ತರಿಸಿದಾಗ ಅದರ ಕೀಲಿಕೈ ಅವರ ಕೈಗೇ ಕೊಟ್ಟರು.

ಅಲ್ಲಾಳಸಂದ್ರದಿಂದ ಪೇಟೆಗೆ ಮೊಸರು ಮಾರಲು ಹೋಗುತ್ತಿದ್ದ ಒಬ್ಬ ಹೆಂಗಸಿದ್ದಳು. ಒಮ್ಮೆ ನಾನು ಹೇಗೋ ಮುಂದೆ ಬಂದು ಅವಳ ಮುಂದೆ ಬಸ್ಸು ನಿಲ್ಲಿಸಿದೆ. ಅವಳು ಹತ್ತಲಿಲ್ಲ.

“ಯಾಕಮ್ಮ, ಪೇಟೆಗೆ ಬರಲ್ವಾ?” ಎಂದ ನನ್ನ ಕಂಡಕ್ಟರು.

“ಬತ್ತೀನಿ, ಇದ್ರಾಗಲ್ಲ. ನಿಮ್ ಬಸ್ಸಾಗೆ ಮೊಸ್ರು ಇಟ್ರೆ ಪೇಟೆ ಸೇರೋ ಒತ್ಗೆ ಮಜ್ಗೆ ಆಯ್ತದೆ. ಡ್ರೈವರಪ್ಪನ ಬಸ್ಸಾಗೆ ಮೊಸ್ರು ಮೊಸ್ರಾಗೇ ಇಳೀತದೆ.”

ಬಸ್ಸೆಲ್ಲ ನಕ್ಕಿತು. ಕಂಡಕ್ಟರೂ ನಕ್ಕ. ನಾನು ಕ್ಲಚ್ಚು ಬಿಟ್ಟ ರಭಸಕ್ಕೆ ನಿಂತವರು ಒಬ್ಬರ ಮೇಲೊಬ್ಬರು ಬಿದ್ದರು. ಅವಳು ಹೇಳಿದ್ದು ನಿಜವಾಯಿತು.

ಆಮೇಲಿಂದ ನನಗೆ ಒಂದು ಚಟ ಹತ್ತಿತು. ಅವರ ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋಗುವುದು. ಅವರ ಹಿಂಬದಿಯ ಏಣಿಗೂ ನನ್ನ ರೇಡಿಯೇಟರಿಗೂ ನಡುವೆ ಒಂದು ಆಡು ನುಗ್ಗುವಷ್ಟು ಜಾಗ. ಹಾರನ್ ಒತ್ತುತ್ತ ಒತ್ತುತ್ತ ಹೋಗುತ್ತಿದ್ದೆ. ಅವರು ಗಾಬರಿಯಾಗಲಿ, ತಪ್ಪು ಮಾಡಲಿ, ಜನ ಬೈಯಲಿ ಎಂಬುದೇ ನನ್ನ ಆಸೆ. “ಏನ್ ಗುರುವೇ, ಇವತ್ತೂ ಅವ್ರ ಹೊಗೆ ಕುಡ್ಕೊಂಡೇ ಊಟ ಮುಗಿಸ್ತೀಯಾ?” ಎಂದು ಕಂಡಕ್ಟರು ಹಂಗಿಸುತ್ತಿದ್ದ.

ಅವರು ಒಮ್ಮೆ ಯಲಹಂಕದಲ್ಲಿ, ರೇಡಿಯೇಟರಿಗೆ ನೀರು ತುಂಬುವಾಗ, ನನ್ನ ಪಕ್ಕಕ್ಕೆ ಬಂದು ನಿಂತರು. ಬೀಡಿ ಹಚ್ಚಿ, ನನಗೂ ಒಂದು ಕೊಟ್ಟು ಹೇಳಿದರು:

“ಮುಂದೆ ಓಗೋನ ಬೆನ್ನಿಗೆ ನಿನ್ನ ಉಸ್ರು ತಗಲ್ಬಾರ್ದು ಕಣಪ್ಪ. ಅವನ್ಗೂ ಇಂಸೆ, ನಿಂಗೂ ಏನೂ ಕಾಣಲ್ಲ.”

“ನೀವು ಸ್ವಲ್ಪ ಜೋರಾಗಿ ಹೋದ್ರೆ ತಗಲಲ್ಲ ಬಿಡಿ” ಎಂದೆ.

ಅವರು ನಕ್ಕರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಅವತ್ತಿನಿಂದ ಅವರು ಒಂದು ಕೆಲಸ ಶುರು ಮಾಡಿದರು. ಹೆಬ್ಬಾಳದ ಕೆರೆ ಏರಿ ಮುಗಿದು ರಸ್ತೆ ತುಸು ಅಗಲವಾಗುವ ಕಡೆ, ದಿನವೂ, ಬಸ್ಸನ್ನು ಎಡಕ್ಕೆ ಸರಿಸಿ ಆ ಕಪ್ಪು ಕೈಯನ್ನು ಮುಂದಕ್ಕೆ ಬೀಸುತ್ತಿದ್ದರು. ಹೋಗು, ಅಲ್ಲಿಂದಾಚೆ ನಿಂತಿರುವ ಜನ ನಿನಗೆ ಸಿಗಲಿ ಎಂದು. ಅವರ ಬಸ್ಸು ಹಳ್ಳಿಗಳಲ್ಲೇ ತುಂಬಿರುತ್ತಿತ್ತು, ನಿಜ. ಆದರೂ ಯಾವ ಡ್ರೈವರು ಹಾಗೆ ಮಾಡುತ್ತಾನೆ? ನಾನು ದಿನವೂ ಹಲ್ಲು ಕಚ್ಚಿಕೊಂಡು ಮುಂದೆ ಹೋಗುತ್ತಿದ್ದೆ. ಒಮ್ಮೆಯೂ ತಿರುಗಿ ಕೈ ಎತ್ತಲಿಲ್ಲ. ಅವರು ಕೊಟ್ಟದ್ದು ದಾರಿ. ನನ್ನ ಹೊಟ್ಟೆಕಿಚ್ಚಿಗೆ ಅದು ಭಿಕ್ಷೆಯಾಗಿ ಕಂಡಿತು.

ಆ ವರ್ಷದ ಆಯುಧಪೂಜೆ. ಬೆಳಿಗ್ಗೆ ಸಾಹುಕಾರರು ಎರಡೂ ಬಸ್ಸಿಗೆ ಪೂಜೆ ಮಾಡಿಸಿ, ಬೂದುಗುಂಬಳ ಒಡೆಸಿ, ಒಂದೊಂದು ಹಾರ ಹಾಕಿಸಿದರು. ಆಮೇಲೆ ಹೊರಟೆವು. ದಾರಿಯುದ್ದಕ್ಕೂ ಹಳ್ಳಿಯವರು ಮುಂದಿನ ಬಸ್ಸನ್ನು ತಡೆದು ಚೆಂಡು ಹೂವಿನ ಹಾರ ಕಟ್ಟಿದರು. ಮೂತಿಯಲ್ಲಿ ಜಾಗ ಸಾಲದೆ ಕಿಟಕಿಯ ಸರಳುಗಳಿಗೆ, ಹಿಂದಿನ ಏಣಿಗೆ. ಮೊಸರಿನವಳು ತನ್ನ ಜಡೆಯ ಹೂವನ್ನೇ ಕಿತ್ತು ಅವರ ಕನ್ನಡಿಗೆ ಸಿಕ್ಕಿಸಿದಳು. ನನ್ನ ಬಸ್ಸಿನ ಮೇಲೆ ಸಾಹುಕಾರರ ಒಂದೇ ಹಾರ, ಅದೂ ಅಷ್ಟು ಹೊತ್ತಿಗೆ ಬಾಡಿತ್ತು. ಯಲಹಂಕದಿಂದ ಹೆಬ್ಬಾಳದವರೆಗೆ ನಾನು ರಸ್ತೆ ನೋಡಲಿಲ್ಲ. ನನ್ನ ಕಣ್ಣೆಲ್ಲ ಆ ಏಣಿಯ ಮೇಲೆ ತೊನೆಯುತ್ತಿದ್ದ ಹೂವಿನ ಮೇಲೆ.

ಏರಿ ಮುಗಿಯುವ ಕಡೆ, ದಿನವೂ ಸೈಡ್ ಕೊಡುವ ಜಾಗದಲ್ಲಿ, ಆ ಕೈ ಹೊರಗೆ ಬಂತು.

ಅವರ ಮುಂದೆ, ನನಗೆ ಕಾಣದ ಹಾಗೆ, ಹುಲ್ಲು ಹೇರಿದ ಗಾಡಿಯೊಂದು ಎದುರಿನಿಂದ ಬರುತ್ತಿತ್ತು. ಹೂವು ಹೊತ್ತ ಬಸ್ಸು ಕಂಡು ಬೆದರಿದ ಎತ್ತುಗಳು ಟಾರಿನ ನಡುವೆ ಅಡ್ಡಾದಿಡ್ಡಿ ಆಡುತ್ತಿದ್ದವು. ನಾನು ಹಾರನ್ ಒತ್ತಿ ಬಲಕ್ಕೆ ನುಗ್ಗಿದೆ. ಗಾಡಿ ಕಂಡದ್ದು ಆಮೇಲೆ. ಎತ್ತುಗಳ ಮೇಲೆ ಹೋಗಬಾರದೆಂದು ಬಸ್ಸನ್ನು ಎಡಕ್ಕೆಳೆದೆ. ಎಡಕ್ಕೆ ಅವರ ಬಸ್ಸಿತ್ತು. ಕಿಟಕಿಯಿಂದ ಆಚೆ ಅವರ ಕೈ ಇನ್ನೂ ಇತ್ತು. ಹಿಂದೆ ಬರುತ್ತಿದ್ದ ನನ್ನನ್ನು ತಡೆದ ಕೈಯಲ್ಲೇ ಅವರು ಬಾಗಿಲು ತಟ್ಟಿ ಎತ್ತುಗಳನ್ನು ಸಮಾಧಾನ ಮಾಡುತ್ತಿದ್ದರು. ಹಸಿ ಕಬ್ಬು ಮುರಿದ ಹಾಗೆ ಸದ್ದಾಯಿತು.

ಎರಡು ಬಸ್ಸುಗಳ ನಡುವೆ ಅರೆದ ಚೆಂಡು ಹೂವಿನ ವಾಸನೆ. ಅವರು ಮೊಣಕೈ ಹಿಡಿದುಕೊಂಡು ಇಳಿದರು. ಮೊದಲು ಹೋಗಿ ಎತ್ತುಗಳನ್ನು ನೋಡಿದರು. ಆಮೇಲೆ ನನ್ನ ಕಿಟಕಿಯ ಕೆಳಗೆ ಬಂದು, “ನಿನ್ ಬಸ್ಸಾಗೆ ಯಾರ್ಗೂ ಏನೂ ಆಗ್ಲಿಲ್ಲ ತಾನೇ?” ಎಂದರು. ಬಳಿಕ ರಸ್ತೆಬದಿಯ ಮೈಲಿಗಲ್ಲಿನ ಮೇಲೆ ಕುಳಿತು ಕಣ್ಣು ಮುಚ್ಚಿದರು.

ಮೊಣಕೈಯ ಮೂಳೆ ಮತ್ತೆ ಸರಿಯಾಗಿ ಕೂಡಲಿಲ್ಲ. ಆ ಕಾಲದ ಸ್ಟೇರಿಂಗು ತಿರುಗಿಸಲು ಎರಡು ತೋಳಿನ ಬಲವೂ ಬೇಕು. ಅವರ ಡ್ರೈವರಿಕೆ ಅಲ್ಲಿಗೆ ಮುಗಿಯಿತು. ಸಾಹುಕಾರರು ತಮ್ಮ ಮನೆಯ ಜಗುಲಿಯಲ್ಲಿ ಇಬ್ಬರನ್ನೂ ನಿಲ್ಲಿಸಿ ವಿಚಾರಿಸಿದರು.

“ನೀವು ಕೈ ಹೆಂಗ್ ತೋರಿಸಿದ್ರಿ? ಸೈಡ್ ಕೊಟ್ರಾ, ನಿಲ್ಸು ಅಂದ್ರಾ?”

ಅವರು ನನ್ನ ಕಡೆ ನೋಡಲಿಲ್ಲ. “ಕೈ ನಂದು, ಕಣ್ಣು ಅವನ್ದು ಸ್ವಾಮಿ. ಅವನೇನ್ ನೋಡ್ದ ಅಂತ ನಾನೆಂಗೇಳ್ಲಿ? ಅವನ್ನೇ ಕೇಳಿ.”

ಸಾಹುಕಾರರು ನನ್ನ ಕಡೆ ತಿರುಗಿದರು. “ಹೇಳಯ್ಯ.”

“ದಿನಾ ಅಲ್ಲೇ ಸೈಡ್ ಕೊಡ್ತಿದ್ರು. ಕೊಟ್ಟಂಗೇ ಕಾಣ್ತು” ಎಂದೆ.

ಅಂಗೈ ಕೆಳಗಿತ್ತು. ನಾನು ನೋಡಿದ್ದೆ. ಹೂವು ನೋಡುತ್ತಿದ್ದ ಕಣ್ಣಿಗೆ ಅದೂ ಕಂಡಿತ್ತು, ಮಗುವನ್ನು ತಟ್ಟಿ ಮಲಗಿಸುವ ಹಾಗೆ. ನಿಲ್ಲು ಎಂದು ಅವರು ಹೇಳಿದ್ದಕ್ಕೇ ನಾನು ನಿಲ್ಲಲಿಲ್ಲ. ಈ ಮಾತನ್ನು ಹೆಂಡತಿಗೂ ಹೇಳಿರಲಿಲ್ಲ, ಈಗ ಬರೆಯುತ್ತಿದ್ದೇನೆ.

ಹೊಸ ಬಸ್ಸು ನನ್ನದಾಯಿತು. ಅವರನ್ನು ಸಾಹುಕಾರರು ಯಲಹಂಕದ ನಿಲ್ದಾಣದಲ್ಲಿ, ಆಲದ ಮರದ ಕೆಳಗೆ, ಹೊತ್ತಿಗೆ ಸರಿಯಾಗಿ ಬಸ್ಸುಗಳನ್ನು ಹೊರಡಿಸುವ ಕೆಲಸಕ್ಕೆ ಹಾಕಿದರು. ಮಡಿಸಿದಂತೆಯೇ ಉಳಿದ ಬಲಗೈಯನ್ನು ಎದೆಗೆ ಒತ್ತಿಕೊಂಡು, ಎಡಗೈಯಲ್ಲಿ ರೈಟ್ ಹೇಳುತ್ತಿದ್ದರು. ಅವರನ್ನು ಮಾತಾಡಿಸದೆ ಯಾರೂ ಬಸ್ಸು ಹತ್ತುತ್ತಿರಲಿಲ್ಲ. ಹಳ್ಳಿಯವರು ನಾಟಿ ಕೋಳಿಯ ಮೊಟ್ಟೆ, ಹುರುಳಿ ಹಿಟ್ಟು, ನೋವಿಗೆ ಹಚ್ಚುವ ಎಣ್ಣೆ ತಂದುಕೊಡುತ್ತಿದ್ದರು. ನಾನು ಸ್ಟೇರಿಂಗಿನ ಮುಂದೆ ಕುಳಿತು ನೋಡುತ್ತಿದ್ದೆ. ನನ್ನ ಕೈ ಮುರಿದಿದ್ದರೆ ನನ್ನ ಕಂಡಕ್ಟರು ಕೂಡ ಬಂದು ನೋಡುತ್ತಿರಲಿಲ್ಲ ಎಂದುಕೊಳ್ಳುತ್ತಿದ್ದೆ. ಅವರ ಬಸ್ಸು ಕಿತ್ತುಕೊಂಡೆ, ದಾರಿ ಕಿತ್ತುಕೊಂಡೆ. ನನಗೆ ಬೇಕಾಗಿದ್ದದ್ದು ಮಾತ್ರ ಆಲದ ಮರದ ಕೆಳಗೆ ಅವರ ಹತ್ತಿರವೇ ಉಳಿದುಬಿಟ್ಟಿತ್ತು.

ನನ್ನ ಹಳೆಯ ಬಸ್ಸಿಗೆ ಒಬ್ಬ ಹೊಸ ಹುಡುಗ ಡ್ರೈವರಾಗಿ ಬಂದ. ಬಂದವನೇ ನನ್ನ ಬೆನ್ನಿಗೆ ಅಂಟಿಕೊಂಡ. ಬೆನ್ನ ಹಿಂದೆ ಅಷ್ಟು ಹತ್ತಿರ ಒಂದು ಬಸ್ಸು ಗುರುಗುಟ್ಟುತ್ತಿದ್ದರೆ ಹೇಗಿರುತ್ತದೆ ಎಂದು ಆಗ ಗೊತ್ತಾಯಿತು. ಎಲ್ಲೇ ಬ್ರೇಕು ಹಾಕಲೂ ಭಯ. ಒಂದು ದಿನ ತಡೆಯಲಾರದೆ ಆಲದ ಮರದ ಕೆಳಗೆ ಹೋಗಿ ದೂರಿದೆ.

“ಅಂಟ್ಕೊಂಡೇ ಬರ್ತಾನೆ ಡ್ರೈವರಪ್ಪ. ಏನ್ ಮಾಡ್ಲಿ?”

ಬಾಯಿ ತಪ್ಪಿ ನಾನೂ ಅವರನ್ನು ಹಾಗೆಯೇ ಕರೆದಿದ್ದೆ.

“ಕೈ ಆಚೆ ಆಕು. ಸೈಡ್ ಕೊಟ್ಬುಡು.”

“ಕೊಟ್ರೆ ಮುಂದಿನ ಜನವೆಲ್ಲ ಅವನ್ಗೇ ಹೋಗುತ್ತೆ.”

“ಓಗ್ಲಿ. ನಾನ್ ನಿಂಗೆ ಕೊಡ್ಲಿಲ್ವಾ?” ಎಂದು, ತಮ್ಮ ಮೊಣಕೈ ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು. ಕಾಯುತ್ತಿದ್ದರು ಎಂದು ಈಗ ಅನಿಸುತ್ತದೆ. ಅಂಗೈ ಕೆಳಗಿತ್ತು ಎಂದು ಒಪ್ಪಿಕೊಳ್ಳಲು ಹತ್ತಿರ ಸರಿದು ಕುಳಿತೆ. ಅಷ್ಟರಲ್ಲಿ ಯಾರೋ ಮುದುಕಿ ಬಂದು “ಡ್ರೈವರಪ್ಪಾ, ಮೈ ಎಂಗೈತೆ?” ಎಂದಳು. ಅವರ ಮುಖ ಅರಳಿತು. ನನಗೆ ಮತ್ತೆ ಹೊಟ್ಟೆಯಲ್ಲಿ ಕಿಚ್ಚು. ಎದ್ದು ಬಂದೆ.

ಅರವತ್ತರ ದಶಕದ ನಡುವಿನಲ್ಲಿ, ಒಂದು ಚಳಿಗಾಲ, ಅವರು ಜ್ವರದಿಂದ ತೀರಿಕೊಂಡರು. ಅವರ ಊರು ಅಲ್ಲಾಳಸಂದ್ರ. ಸುದ್ದಿ ತಿಳಿದರೂ ನಾನು ರಜೆ ಕೇಳಲಿಲ್ಲ. ಬಸ್ಸು ತೆಗೆದುಕೊಂಡು ಹೊರಟೆ. ಊರು ತಲುಪುವ ಹೊತ್ತಿಗೆ ಸರಿಯಾಗಿ ಮೆರವಣಿಗೆ ರಸ್ತೆಗೆ ಬಂದಿತ್ತು. ಅಷ್ಟು ಜನ! ದಾರಿಯುದ್ದದ ಹಳ್ಳಿಗಳೆಲ್ಲ ಬಂದಿದ್ದವು. ಗಾಡಿಯವರು ಎತ್ತುಗಳನ್ನು ಮಣ್ಣಿಗಿಳಿಸಿ, ರುಮಾಲು ತೆಗೆದು ನಿಂತಿದ್ದರು. ಹೆಣವಾಗಿ ಮಲಗಿದ ಮನುಷ್ಯನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ನನಗೆ ಇಷ್ಟು ಜನ ಬರುವುದಿಲ್ಲ ಎಂದುಕೊಂಡೆ. ಸುಳ್ಳು ಹೇಳಿ ಪ್ರಯೋಜನವಿಲ್ಲ, ಅದನ್ನೇ ಮೊದಲು ಅಂದುಕೊಂಡದ್ದು.

ಮೆರವಣಿಗೆಯ ಹಿಂದಿನ ಸಾಲಿನವರು ನನ್ನ ಬಸ್ಸು ಕಂಡು ಬದಿಗೆ ಸರಿದರು. ಒಬ್ಬ ಕೈ ಮುಂದಕ್ಕೆ ಬೀಸಿದ.

“ಸೈಡ್ ಕೊಡ್ತಾವ್ರೆ, ಹೋಗ್ ಗುರುವೇ” ಎಂದ ಕಂಡಕ್ಟರು. ಒಳಗೆ ಕುಳಿತವರೂ ಗೊಣಗಿದರು, “ಹೊತ್ತಾಯ್ತು ಕಣ್ರೀ.”

ನನ್ನ ಕಾಲು ಬ್ರೇಕಿನ ಮೇಲಿಂದ ಏಳಲಿಲ್ಲ. ಆ ಮನುಷ್ಯನ ಹಿಂದೆ ಅಷ್ಟು ವರ್ಷ ಓಡಿಸಿದ್ದೆ, ಒಂದು ದಿನವೂ ಹಿಂದೆ ಇರಲು ಒಪ್ಪಿರಲಿಲ್ಲ. ಬಸ್ಸನ್ನು ಮೊದಲ ಗೇರಿಗೆ ಹಾಕಿದೆ. ಮೆರವಣಿಗೆಗೂ ನನಗೂ ನಡುವೆ ಎರಡು ಗಾಡಿ ನಿಲ್ಲುವಷ್ಟು ಜಾಗ ಬಿಟ್ಟು, ನಡೆಯುವವರ ವೇಗದಲ್ಲಿ, ಹಿಂದೆ ಹೋದೆ. ಬೆನ್ನ ಹಿಂದೆ ಹಳೆಯ ಬಸ್ಸಿನ ಹುಡುಗ ಬಂದು ಅಂಟಿಕೊಂಡು ಹಾರನ್ ಶುರು ಮಾಡಿದ. ಆಗ ನನ್ನ ಬಲಗೈ, ನನ್ನನ್ನು ಕೇಳದೆಯೇ, ಕಿಟಕಿಯಿಂದ ಆಚೆ ಹೋಯಿತು. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಗಾಳಿಯನ್ನು ಅದುಮಿದೆ. ಹಾರನ್ ನಿಂತಿತು. ನಾನು ನಿಲ್ಲದಿದ್ದ ಕೈಗೆ ಅವನು ನಿಂತ.

ಮಸಣದ ದಾರಿಗೆ ಅವರು ತಿರುಗುವವರೆಗೂ ಕೈ ಒಳಗೆ ತೆಗೆದುಕೊಳ್ಳಲಿಲ್ಲ.

ಆಮೇಲೆ ನಿವೃತ್ತನಾಗುವವರೆಗೆ ಬಸ್ಸು ಓಡಿಸಿದೆ, ಕೈ ಹೊರಗೆ ಹಾಕಿಯೇ ಓಡಿಸಿದೆ. ಹೆಬ್ಬಾಳದ ಆ ಜಾಗದಲ್ಲಿ ಹಿಂದಿನವನಿಗೆ ದಿನವೂ ಸೈಡ್ ಕೊಟ್ಟೆ. ಜನ ನನ್ನನ್ನು ಡ್ರೈವರಪ್ಪ ಎನ್ನಲಿಲ್ಲ. ಎನ್ನಲಿ ಎಂದು ಕಾದದ್ದೂ ನಿಜ. ಈಗ ಬೆಳಗಿನ ಬಿಸಿಲಿಗೆ ಕುಳಿತಾಗ ಎರಡೂ ಕೈಗಳನ್ನು ತೊಡೆಯ ಮೇಲೆ ಪಕ್ಕಪಕ್ಕ ಇಟ್ಟು ನೋಡಿಕೊಳ್ಳುತ್ತೇನೆ. ಬಲಗೈ ಕಪ್ಪಾಗಿದೆ. ಅವರದರಷ್ಟು ಆಗಲಿಲ್ಲ.