ಒಂದೇ ಮೇಜಿನ ಎರಡು ಉಪವಾಸ

ಕುಟ್ಟು ಹಿಟ್ಟಿನ ಪೂರಿ ಎಣ್ಣೆಗೆ ಬಿದ್ದಾಗ ಬರುವ ವಾಸನೆಯನ್ನು ನಿಮಗೆ ಹೇಗೆ ಹೇಳಲಿ, ನನಗೇ ಸರಿಯಾಗಿ ತಿಳಿಯದು. ಸ್ವಲ್ಪ ಮಣ್ಣಿನದು, ಸ್ವಲ್ಪ ಸೀದ ರಾಗಿಯದು, ನಡುವೆ ಎಲ್ಲೋ ಒಂದು ಕಹಿ. ದೆಹಲಿಯಲ್ಲಿ ನವರಾತ್ರಿ ಬಂತೆಂದರೆ ಉಪವಾಸದವರೆಲ್ಲ ಒಂದು ಬಗೆಯ ಬೀಜವನ್ನು ಬೀಸಿದ ಈ ಕಪ್ಪು ಹಿಟ್ಟಿನ ಪೂರಿಯನ್ನೇ ತಿನ್ನುತ್ತಾರೆ. ಇವತ್ತು ಶನಿವಾರ. ಸಂಜೆ ನಮ್ಮ ರೋಹಿಣಿ ಬಡಾವಣೆಯ ಮಾರ್ಕೆಟ್ಟಿನ ಹೋಟೆಲಿನ ಮುಂದೆ ಮೇಜು ಖಾಲಿಯಾಗಲೆಂದು ಕಾಯುತ್ತಿದ್ದಾಗ ಒಳಗಿನಿಂದ ಆ ವಾಸನೆ ಬಂತು. ನಮ್ಮ ಯಜಮಾನರು ಬೆಂಚಿನ ಮೇಲೆ ಕೂತು, ಹಸಿವಾದಾಗ ಮಾಡುವ ಮುಖ ಮಾಡಿಕೊಂಡು ಮೊಬೈಲು ನೋಡುತ್ತಿದ್ದರು. ನಾನು ಮಾತ್ರ ಅಲ್ಲಿರಲಿಲ್ಲ. ನೆನಪಿನಲ್ಲಿ ಸಂತೋಷ್ ಭಾಭಿಯ ಹತ್ತಿರ ಹೋಗಿಬಿಟ್ಟಿದ್ದೆ.

ಸಂತೋಷ್ ಎಂದರೆ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನೂ ಮೋಸಹೋಗಿದ್ದೆ. ನಮ್ಮವರಿಗೆ ಕೇಂದ್ರ ಸರ್ಕಾರದ ಕೆಲಸ. ಮದುವೆಯಾದ ಹೊಸತರಲ್ಲಿ ಈ ಫ್ಲಾಟಿಗೆ ಬಂದಾಗ ಎದುರು ಬಾಗಿಲಿನ ಫಲಕದಲ್ಲಿ ಆ ಹೆಸರಿತ್ತು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಕೇಳಲು ಬಾಗಿಲು ತಟ್ಟಿ, ನನಗೆ ಬರುತ್ತಿದ್ದ ಅಷ್ಟಿಷ್ಟು ಹಿಂದಿಯಲ್ಲಿ, ಸಂತೋಷ್‌ಜಿ ಮನೆಯಲ್ಲಿದ್ದಾರೆಯೇ ಎಂದೆ. ಎದುರಿಗಿದ್ದ ದಪ್ಪನೆಯ ಪಂಜಾಬಿ ಹೆಂಗಸು ಸೊಂಟದ ಮೇಲೆ ಕೈಯಿಟ್ಟು, ನಾನೇ ಅವನು, ಹೇಳು ಎಂದರು. ಅಂದಿನಿಂದ ಅವರು ನನಗೆ ಭಾಭಿ, ಅಂದರೆ ಅತ್ತಿಗೆ. ನಾನು ಅವರಿಗೆ ಮೊದಲು ‘ಮದ್ರಾಸಿ’, ಮಗಳು ಹುಟ್ಟಿದ ಮೇಲೆ ‘ಮಾನಸಿ ಕೀ ಮಮ್ಮಿ’. ನನ್ನ ಸ್ವಂತ ಹೆಸರು ಅವರಿಗೆ ಎಂದೂ ಬೇಕಾಗಲಿಲ್ಲ.

ಆಗೆಲ್ಲ ನಮ್ಮ ಶನಿವಾರಗಳು ಹೇಗಿದ್ದವು ಗೊತ್ತೇ? ಇವರಿಗೆ ರಜೆ. ಸಂಜೆ ದೇವರಿಗೆ ದೀಪ ಹಚ್ಚಿ, ಭಾಭಿಯನ್ನೂ ಕರೆದುಕೊಂಡು ಮಾರ್ಕೆಟ್ಟಿಗೆ ಹೊರಡುವುದು. ಅವರ ಯಜಮಾನರು ಬಟ್ಟೆ ಅಂಗಡಿ ಬಿಟ್ಟು ಬರುವವರಲ್ಲ. ಗಾಡಿಯವನ ಹತ್ತಿರ ಗೋಲ್‌ಗಪ್ಪಾ, ಆಮೇಲೆ ಯಾವುದಾದರೂ ಹೋಟೆಲಿನಲ್ಲಿ ಛೋಲೆ ಭಟೂರೆ, ಮಾನಸಿಗೆ ಒಂದು ಕುಲ್ಫಿ. ಹೋಗುವುದು ನಡೆದು, ಬರುವುದು ಸೈಕಲ್ ರಿಕ್ಷಾದಲ್ಲಿ. ಇದರಲ್ಲಿ ದೊಡ್ಡದೇನಿದೆ ಎಂದು ನೀವು ಕೇಳಬಹುದು. ಏನೂ ಇಲ್ಲ. ಆದರೆ ವಾರವಿಡೀ ಒಲೆಯ ಮುಂದೆ ನಿಂತವಳಿಗೆ ಬೇರೆಯವರು ತಟ್ಟೆ ತಂದು ಇಡುವುದೇ ಒಂದು ಪ್ರಸಾದ. ಮೊದಲ ತುತ್ತಿಗೆ ಮುಂಚೆ ನಾನು ಕಣ್ಣು ಮುಚ್ಚಿ ದೇವರಿಗೆ ಒಂದು ಮಾತು ಹೇಳುತ್ತಿದ್ದೆ. ಭಟೂರೆಗೆ ನೈವೇದ್ಯವಾ ಎಂದು ಇವರು ನಗುತ್ತಿದ್ದರು.

ಮಾನಸಿ ಮೂರನೇ ಕ್ಲಾಸಿನಲ್ಲಿದ್ದ ವರ್ಷ, ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ, ಇವರಿಗೆ ಡೆಂಗಿ ಬಂತು. ದೆಹಲಿಯಲ್ಲಿ ಇದ್ದವರಿಗೆ ಆ ತಿಂಗಳುಗಳ ಭಯ ಗೊತ್ತು. ರಕ್ತದಲ್ಲಿ ಪ್ಲೇಟ್‌ಲೆಟ್ಟು ಇಳಿಯುತ್ತಾ ಹೋಯಿತು, ಆಸ್ಪತ್ರೆಗೆ ಸೇರಿಸಿದೆವು. ನನ್ನ ತಾಯಿ ಊರಿನಲ್ಲಿ ಹಾಸಿಗೆ ಹಿಡಿದಿದ್ದರು, ಇಲ್ಲಿ ನನ್ನವರೆಂದು ಬೇರೆ ಯಾರೂ ಇರಲಿಲ್ಲ. ಮಾನಸಿಯನ್ನು ಮಲಗಿಸಿದವರು, ಶಾಲೆಗೆ ಕಳಿಸಿದವರು ಭಾಭಿ. ಎಲ್ಲಿಂದಲೋ ಪಪ್ಪಾಯಿ ಎಲೆ ಕಿತ್ತು ತಂದು, ಅರೆದು, ಬಟ್ಟೆಯಲ್ಲಿ ಹಿಂಡಿ, ಬಾಟಲಿಯಲ್ಲಿ ರಸ ತುಂಬಿ ಆಸ್ಪತ್ರೆಗೆ ತರುತ್ತಿದ್ದವರೂ ಅವರೇ. ಒಂದು ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ನನ್ನ ಕೈ ಹಿಡಿದು, ಭಾಯಿಸಾಹೇಬರು ಮನೆಗೆ ಬರಲಿ, ಈ ಸಲದ ನವರಾತ್ರಿ ವ್ರತ ಅವರ ಹೆಸರಿನಲ್ಲಿ ಎಂದರು. ನಾನೂ ಅದೇ ಹರಕೆ ಹೊತ್ತೆ. ಇಬ್ಬರು ಹೆಂಗಸರು ಒಬ್ಬ ಗಂಡಸಿಗಾಗಿ ಉಪವಾಸ ಮಾಡಿದರೆ ದೇವಿ ಎರಡು ಪಟ್ಟು ಕೇಳಿಸಿಕೊಳ್ಳುತ್ತಾಳೆ ಎಂದು ನಂಬಿದ್ದೆ.

ಇವರು ಮನೆಗೆ ಬಂದರು. ಮೈ ಇಳಿದಿತ್ತು, ಜ್ವರವಿರಲಿಲ್ಲ. ಸೋಮವಾರ ಮತ್ತೆ ರಕ್ತಪರೀಕ್ಷೆ ಆಗಬೇಕು, ಅಲ್ಲಿಯವರೆಗೆ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ನಡುವೆ ನವರಾತ್ರಿ ಶುರುವಾಗಿ ಶನಿವಾರ ಬಂತು. ಗಂಜಿ, ಖಿಚಡಿ ತಿಂದು ಬಾಯಿ ಕೆಟ್ಟುಹೋಗಿದೆ, ಹೊರಗೆ ಹೋಗಿ ಕೂತು ಬರೋಣ ಎಂದರು ಇವರು. ಮಾನಸಿಯಂತೂ ಆಗಲೇ ಚಪ್ಪಲಿ ಹಾಕಿಕೊಂಡಿದ್ದಳು. ಸರಿ, ಭಾಭಿಯನ್ನೂ ಕರೆದುಕೊಂಡು ಇದೇ ಹೋಟೆಲಿಗೆ ಬಂದೆವು.

ಇಲ್ಲಿ ನಾನು ಸ್ವಲ್ಪ ನಿಂತು ನಮ್ಮ ಮನೆಯ ಪದ್ಧತಿ ಹೇಳಬೇಕು, ಇಲ್ಲವಾದರೆ ಮುಂದಿನ ರಗಳೆ ಅರ್ಥವಾಗುವುದಿಲ್ಲ. ನಮ್ಮಲ್ಲಿ ನವರಾತ್ರಿಯೆಂದರೆ ಒಪ್ಪೊತ್ತು. ಮಧ್ಯಾಹ್ನ ಅನ್ನ, ರಾತ್ರಿ ಫಲಾಹಾರ. ಆ ಫಲಾಹಾರದಲ್ಲಿ ಫಲ ಎಲ್ಲಿದೆ ಎಂದು ನಮ್ಮ ಕಡೆ ಯಾರೂ ಕೇಳಿದವರಿಲ್ಲ. ಉಪ್ಪಿಟ್ಟು, ಅವಲಕ್ಕಿ, ದೋಸೆ, ಇಡ್ಲಿ ಎಲ್ಲವೂ ಫಲಾಹಾರವೇ. ಆದರೆ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವಂತಿಲ್ಲ. ಆಲೂಗಡ್ಡೆ, ಟೊಮೆಟೊ ಕೂಡ ನಮ್ಮತ್ತೆಯವರ ಪ್ರಕಾರ ಮಡಿಗೆ ಬಾರದ ತರಕಾರಿ. ಅವನ್ನು ವ್ರತದ ದಿನ ಅಡುಗೆಮನೆಯ ಹೊಸ್ತಿಲು ದಾಟಲು ಅವರು ಬಿಟ್ಟವರಲ್ಲ.

ಆ ಸಂಜೆ ನಾನು ಇಡ್ಲಿ ಹೇಳಿದೆ. ಹೊರಗಿನದು ತಿನ್ನಬಹುದೇ ಎಂಬ ಅನುಮಾನ ಕಾಡಿತು. ಹಬೆಯಲ್ಲಿ ಬೆಂದದ್ದಕ್ಕೆ ದೋಷ ಕಡಿಮೆ ಎಂದು ನನಗೆ ನಾನೇ ಹೇಳಿಕೊಂಡೆ. ಸಾಂಬಾರಿನಲ್ಲಿ ಈರುಳ್ಳಿ ತೇಲುತ್ತಿತ್ತು. ಆ ಬಟ್ಟಲನ್ನು ಮೇಜಿನ ಅಂಚಿಗೆ ಸರಿಸಿ, ಬರೀ ಕಾಯಿಚಟ್ನಿಯಲ್ಲಿ ತಿಂದೆ. ನನ್ನ ನಿಷ್ಠೆಗೆ ನಾನೇ ಒಳಗೊಳಗೆ ಮೆಚ್ಚಿದ್ದೂ ಉಂಟು. ಭಾಭಿ ‘ವ್ರತ್ ಕೀ ಥಾಲಿ’ ಹೇಳಿದರು. ಬಂತು ನೋಡಿ ತಟ್ಟೆ! ಕುಟ್ಟು ಪೂರಿಗಳು, ಜೀರಿಗೆ ಹಾಕಿದ ಆಲೂಗಡ್ಡೆ, ಟೊಮೆಟೊ ರಸದಲ್ಲಿ ಮುಳುಗಿದ ಪನೀರು, ಮೊಸರು, ಸಾಬೂದಾನಿ ಖೀರು. ನಮ್ಮ ಮೂವರ ಊಟ ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ. ಭಾಭಿ ಆಲೂಗಡ್ಡೆಯನ್ನು ಎರಡನೇ ಸಲ ಹಾಕಿಸಿಕೊಂಡರು.

ನಾನು ಅವರ ತಟ್ಟೆ ನೋಡಿದೆ. ಅವರು ನನ್ನ ತಟ್ಟೆ ನೋಡಿದರು. ಮಾನಸಿ, ಅಮ್ಮಾ, ಆಂಟಿದು ಪಾರ್ಟಿ ಹೈ ಯಾ ವ್ರತ್ ಹೈ, ಪಾರ್ಟಿಯೋ ಉಪವಾಸವೋ ಎಂದು ಕೇಳಿಯೇ ಬಿಟ್ಟಳು. ಭಾಭಿ ನಗಲಿಲ್ಲ. ಯಾವಾಗಲೂ ಜೊತೆಯಲ್ಲಿ ಬರುವವರು ಅಂದು ಬೇರೆ ರಿಕ್ಷಾ ಹಿಡಿದರು.

ನನ್ನ ತಲೆಯಲ್ಲಿ ಗೊಂದಲವೋ ಗೊಂದಲ. ಇವರ ಜೀವದ ಹೆಸರಿನ ವ್ರತವನ್ನು ಭಾಭಿ ಇಷ್ಟು ಹಗುರವಾಗಿ ತೆಗೆದುಕೊಂಡರೇ? ಎಲೆ ಹಿಂಡಿ ರಸ ತಂದ ಕೈಗಳು ಅವೇ ಅಲ್ಲವೇ? ಹಾಗಾದರೆ ಆ ಎರಡನೇ ಸಲದ ಆಲೂಗಡ್ಡೆ ಏನು? ಭಾನುವಾರ ಎದುರು ಬಾಗಿಲು ತೆರೆಯಲಿಲ್ಲ. ನಾನೂ ತಟ್ಟಲಿಲ್ಲ. ಸೋಮವಾರ ರಕ್ತಪರೀಕ್ಷೆಯಾಯಿತು. ಏರಬೇಕಾದದ್ದು ಮತ್ತೆ ಸ್ವಲ್ಪ ಇಳಿದಿತ್ತು. ಹೆದರಬೇಡಿ, ಮಲಗಿಸಿ, ಎರಡು ದಿನ ಬಿಟ್ಟು ಮತ್ತೆ ನೋಡೋಣ ಎಂದರು ಡಾಕ್ಟರು. ಹೆದರಬೇಡಿ ಎಂದರೆ ಹೆದರದೆ ಇರುವವರು ಯಾರು?

ಸುದ್ದಿ ಕೇಳಿ ಭಾಭಿ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತರು. ಕಣ್ಣು ಕೆಂಪಾಗಿತ್ತು. ಅವರ ಹಿಂದಿಯನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ, ಪಂಜಾಬಿಯ ಖಾರವನ್ನು ನೀವೇ ಸೇರಿಸಿಕೊಳ್ಳಿ.

“ಮಾನಸಿ ಕೀ ಮಮ್ಮಿ, ನಾನು ಎರಡು ದಿನದಿಂದ ಬಾಯಿ ಕಟ್ಟಿಕೊಂಡಿದ್ದೇನೆ. ಈಗ ಹೇಳುತ್ತೇನೆ. ನೀನು ಇಡ್ಲಿ ತಿಂದೆ.”

“ಹೌದು, ತಿಂದೆ.”

“ಅದರಲ್ಲಿ ಅಕ್ಕಿ ಇದೆ, ಉದ್ದು ಇದೆ. ಅನಾಜ್! ಗಂಡನ ಹೆಸರಿನ ವ್ರತದಲ್ಲಿ ಕೂತು ಧಾನ್ಯ ತಿನ್ನುತ್ತಾರೇನೇ?”

ತಪ್ಪು ಅವರದೆಂದು ಎರಡು ದಿನ ಒಳಗೇ ಕುದಿದವಳು ನಾನು!

“ನೀವು ಆಲೂಗಡ್ಡೆ ತಿಂದಿರಿ ಭಾಭಿ. ಟೊಮೆಟೊದಲ್ಲಿ ಪನೀರ್ ತಿಂದಿರಿ. ಅದು ಉಪವಾಸವೇ?”

“ಆಲೂ ಇಲ್ಲದೆ ವ್ರತ ಹೇಗೆ ಮಾಡುತ್ತಾರೆ?” ಎಂದರು ಅವರು. ಸಿಟ್ಟಿಗಿಂತ ಆಶ್ಚರ್ಯವೇ ಜಾಸ್ತಿಯಿತ್ತು ಆ ಧ್ವನಿಯಲ್ಲಿ.

ಇಬ್ಬರೂ ಪಟ್ಟು ಬಿಡಲಿಲ್ಲ. ಉಪ್ಪಿಟ್ಟಿನ ರವೆ, ಸೈಂಧವ ಲವಣ, ಅವರ ಅತ್ತೆ, ನನ್ನ ಅತ್ತೆ, ಎಲ್ಲರೂ ಆ ಹೊಸ್ತಿಲಿಗೆ ಬಂದು ಹೋದರು. ಕೊನೆಗೆ ಒಳಗಿನ ಮಂಚದಿಂದ ಇವರ ಕ್ಷೀಣ ಧ್ವನಿ ಹಿಂದಿಯಲ್ಲೇ ಕೇಳಿಸಿತು: “ಯಾರು ತಿಂದದ್ದರಿಂದ ನಾನು ಸತ್ತೆ ಅಂತ ಆಮೇಲೆ ನಿಧಾನವಾಗಿ ತೀರ್ಮಾನ ಮಾಡಿ. ಸದ್ಯಕ್ಕೆ ಯಾರಾದರೂ ಒಂದು ಲೋಟ ನೀರು ಕೊಡಿ.”

ಭಾಭಿಗೆ ನಗು ಬಂತು. ನಗುತ್ತಲೇ ಅತ್ತರು. ನನಗೂ ಅದೇ ಆಯಿತು. ನೀರು ಕೊಟ್ಟದ್ದು ಮಾನಸಿ.

ಆ ನವರಾತ್ರಿಯ ಉಳಿದ ದಿನಗಳಲ್ಲಿ ಅಪಾಯವೇ ಬೇಡವೆಂದು ಇಬ್ಬರೂ ಇಬ್ಬರ ನಿಯಮವನ್ನೂ ಪಾಲಿಸಿದೆವು. ನನ್ನ ವ್ರತಕ್ಕೆ ಬಾರದ್ದು ಅವರು ತಿನ್ನಲಿಲ್ಲ, ಅವರದಕ್ಕೆ ಬಾರದ್ದು ನಾನು ತಿನ್ನಲಿಲ್ಲ. ಹಾಗೆ ಎಲ್ಲ ತೆಗೆದುಹಾಕಿದ ಮೇಲೆ ಉಳಿದದ್ದು ಬಾಳೆಹಣ್ಣು ಮತ್ತು ಹಾಲು. ನಾವಿಬ್ಬರೂ ಸೊರಗಿದೆವು, ಇವರು ಚೇತರಿಸಿಕೊಂಡರು. ಮುಂದಿನ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ಟು ಏರಿತ್ತು. ಬಾಳೆಹಣ್ಣಿನಿಂದಲೋ, ಪಪ್ಪಾಯಿ ಎಲೆಯಿಂದಲೋ, ಡಾಕ್ಟರರಿಂದಲೋ, ಯಾವ ಉಪವಾಸ ದೇವಿಗೆ ತಲುಪಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ದೇವರ ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅವಳು ದೀಪದ ಹಿಂದೆ ಸುಮ್ಮನೆ ಕೂತಿರುತ್ತಾಳೆ.

ಮರುವರ್ಷದಿಂದ ಇಬ್ಬರೂ ನಮ್ಮ ನಮ್ಮ ಪದ್ಧತಿಗೇ ಮರಳಿದೆವು. ನನ್ನ ವ್ರತಕ್ಕೆ ಭಾಭಿ ‘ಉಪ್ಪಿಟ್ಟು ವ್ರತ’ ಎಂದು ಹೆಸರಿಟ್ಟರು. ಅವರದಕ್ಕೆ ನಾನು ಬಾಯಿಬಿಟ್ಟು ಹೆಸರಿಡಲಿಲ್ಲ, ಅವರು ದೊಡ್ಡವರು.

ಅವರ ಯಜಮಾನರು ತೀರಿಕೊಂಡ ಮೇಲೆ ಭಾಭಿಯನ್ನು ಮಗಳು ದೆಹಲಿಯ ಇನ್ನೊಂದು ಕೊನೆಯ ವಸಂತ್ ಕುಂಜ್‌ಗೆ ಕರೆದುಕೊಂಡು ಹೋದಳು. ಎದುರು ಬಾಗಿಲಿನ ಫಲಕ ಬದಲಾಯಿತು. ಫೋನಿನಲ್ಲಿ ಮಾತು ನಡೆದೇ ಇದೆ. ಈ ವರ್ಷ ಅವರ ಹೃದಯದ ಕವಾಟ ಕೆಟ್ಟಿದೆ; ನವರಾತ್ರಿ ಕಳೆದ ಮೇಲೆ ಆಪರೇಷನ್. ಅಲ್ಲಿಯವರೆಗೆ ಊಟ ತಪ್ಪಿಸುವ ಹಾಗೇ ಇಲ್ಲವಂತೆ. ಮದುವೆಯಾದಂದಿನಿಂದ ಬಿಡದ ವ್ರತ ಈ ಸಲ ಬಿಟ್ಟುಹೋಗುತ್ತದೆ, ಅದೂ ಮಾತಾ ರಾಣಿಯನ್ನು ಬೇಡಿಕೊಳ್ಳಬೇಕಾದ ಹೊತ್ತಿನಲ್ಲೇ ಎಂದು ಪಾಡ್ಯದ ದಿನ ಫೋನಿನಲ್ಲಿ ಸಣ್ಣ ಮಗುವಿನ ಹಾಗೆ ಅತ್ತರು. ನಿಮ್ಮ ಹೆಸರಿನಲ್ಲಿ ನಾನು ಮಾಡುತ್ತೇನೆ ಭಾಭಿ ಎಂದೆ. ಅವರು ಮೂಗು ಸೇದಿಕೊಂಡು, “ಮಾಡು. ಆದರೆ ಅಸಲಿದು ಮಾಡು. ನಿನ್ನ ಉಪ್ಪಿಟ್ಟಿನದಲ್ಲ” ಎಂದರು.

ಹೀಗಾಗಿ ಇವತ್ತು ಮೇಜು ಸಿಕ್ಕಿ ಒಳಗೆ ಕೂತಾಗ, ವೇಟರ್ ಭಯ್ಯಾ ನನ್ನ ಮುಂದೆ ತಂದಿಟ್ಟದ್ದು ವ್ರತದ ಥಾಲಿ. ಆಲೂಗಡ್ಡೆಯನ್ನು ನೋಡಿದೆ. ಅತ್ತೆ ನೆನಪಾದರು. ಕಣ್ಣು ಮುಚ್ಚಿ, ತಾಯಿ, ಇದು ನನಗೆ ಉಪವಾಸವಲ್ಲ, ಅವರಿಗೆ ಉಪವಾಸ, ನೀನೇ ಯಾವುದನ್ನು ಹೇಗೆ ತೆಗೆದುಕೊಳ್ಳಬೇಕೋ ತೆಗೆದುಕೋ ಎಂದೆ. ಪೂರಿ ಮುರಿದು ಬಾಯಿಗಿಟ್ಟೆ. ಇಷ್ಟು ವರ್ಷ ದೆಹಲಿಯಲ್ಲಿದ್ದರೂ ಆ ಕಹಿ ನನಗೆ ಹಿಡಿಸಿಲ್ಲ. ಹಿಡಿಸದಿರುವುದೇ ಒಳ್ಳೆಯದಾಯಿತು, ಅಷ್ಟರಮಟ್ಟಿಗಾದರೂ ವ್ರತ ಆಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ಫೋನು ಬಂತು. ಭಾಭಿಯದೇ.

ಸ್ವರ ಸಣ್ಣದಾಗಿತ್ತು, ಆದರೆ ಒಳಗೆ ಏನೋ ಗುಟ್ಟಿನ ಖುಷಿ. “ಕೇಳು, ರಾತ್ರಿ ಲೈಟಾಗಿ ತಿನ್ನು ಅಂತ ಡಾಕ್ಟರ್ ಹೇಳಿದಾನೆ. ನಾನು ಯೋಚನೆ ಮಾಡಿದೆ. ನನ್ನ ವ್ರತ ಮಾಡಲು ಬಿಡುವುದಿಲ್ಲ, ನಿನ್ನದನ್ನು ಯಾರು ತಡೆಯುತ್ತಾರೆ? ಮಗಳಿಗೆ ಹೇಳಿ ಇಡ್ಲಿ ತರಿಸಿದೆ. ಬರೀ ಚಟ್ನಿಯಲ್ಲಿ ತಿಂದೆ. ಸಾಂಬಾರ್ ಮುಟ್ಟಲಿಲ್ಲ, ಈರುಳ್ಳಿ ಇತ್ತು. ಸರಿ ಮಾಡಿದೆ ತಾನೇ?”

ಅಂದು ಮೇಜಿನ ಅಂಚಿಗೆ ಸರಿಸಿದ ಆ ಬಟ್ಟಲನ್ನು ಅವರು ನೋಡಿದ್ದರು. ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದರು.

“ಸರಿ ಮಾಡಿದಿರಿ ಭಾಭಿ,” ಎಂದೆ. “ಪೂರ್ತಿ ಸರಿ.”

“ಅಚ್ಛಾ, ನೀನೇನು ತಿನ್ನುತ್ತಿದ್ದೀಯ?”

“ಆಲೂ.”

ಭಾಭಿ ಅಂದು ಹೊಸ್ತಿಲಲ್ಲಿ ನಕ್ಕ ಹಾಗೆಯೇ ನಕ್ಕರು. ಹಾಗೆಲ್ಲ ನಗಬೇಡ ಮಮ್ಮಿ ಎಂದು ಹಿಂದಿನಿಂದ ಮಗಳು ಗದರಿದ್ದೂ ಕೇಳಿಸಿತು. ಫೋನು ಕೆಳಗಿಟ್ಟೆ. ಏನಂತೆ ಎಂದು ಇವರು ಕೇಳಿದರು. ಈಗ ಯಾರ ವ್ರತವನ್ನು ಯಾರು ಮಾಡುತ್ತಿದ್ದೇವೆ, ಯಾವುದು ಯಾರ ಹೆಸರಿಗೆ ಸೇರುತ್ತದೆ ಎಂದು ಹೇಳಲು ಹೊರಟು, ನನಗೇ ದಾರಿ ತಪ್ಪಿ, ಬಿಟ್ಟುಬಿಟ್ಟೆ.

ವೇಟರ್ ಭಯ್ಯಾ ಪಾತ್ರೆ ಹಿಡಿದು ಹಾದುಹೋಗುತ್ತಿದ್ದ. ಕರೆದು, ಇನ್ನೊಂದು ಸಲ ಆಲೂಗಡ್ಡೆ ಹಾಕಿಸಿಕೊಂಡೆ.