ಬೆವರದ ಅಂಗಿ

ಪೆರು ದೇಶದ ಮಾಚು ಪಿಚ್ಚು ನೋಡುವ ಆಸೆ ನನ್ನದು. ಕಾನ್ವೆಂಟಿನಲ್ಲಿ ಜಿಯಾಗ್ರಫಿ ಕಲಿಸುತ್ತಿದ್ದ ಸಿಸ್ಟರ್, ಮೋಡಗಳ ನಡುವೆ ಇಂಕಾ ಜನ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ ಊರಿನ ಕಥೆ ಹೇಳುತ್ತ, "ಆ ಸಂದಿಯಲ್ಲಿ ಒಂದು ಹೇರ್‌ಪಿನ್ ಕೂಡ ಹೋಗೋದಿಲ್ಲ, ಗರ್ಲ್ಸ್" ಎಂದಿದ್ದರು. ಒಂದು ದಿನ ಹೇರ್‌ಪಿನ್ ಹಾಕಿ ನೋಡಿಯೇ ಬಿಡಬೇಕು ಎಂದು ಆಗಲೇ ಅಂದುಕೊಂಡಿದ್ದೆ. ಮದುವೆಯಾದ ಹೊಸದರಲ್ಲಿ ಅದನ್ನು ಇವರಿಗೂ ಹೇಳಿದ್ದೆ. ಇವರು ಮರೆತಿರಲಿಲ್ಲ.

ಇವರು ರಿಫೈನರಿ ಕೆಲಸದಿಂದ ರಿಟೈರ್ ಆದ ಮೇಲೆ ಕುವೈತಿನ ಮಂಗಫ್‌ನಲ್ಲಿ ಮಗಳು, ಮೊಮ್ಮಗಳ ಜೊತೆಗೇ ಇದ್ದೇವೆ. ಮಗಳು ಪೆರು ಟ್ರಿಪ್ಪಿನ ಮಾತೆತ್ತುವಷ್ಟರಲ್ಲಿ ಇವರ ಹೃದಯಕ್ಕೆ ಸ್ಟೆಂಟ್ ಬಿದ್ದಿತ್ತು. ಏಳು ಮಹಡಿ ನಿಲ್ಲದೆ ಹತ್ತುವಂತಾದರೆ ಹೋಗಬಹುದು ಎಂದರು ಡಾಕ್ಟರ್. ಕುವೈತಿನಲ್ಲಿ ಫ್ಲೈಓವರ್ ಬಿಟ್ಟರೆ ಏರು ಎಲ್ಲಿದೆ? ನಮ್ಮ ಬಿಲ್ಡಿಂಗಿನ ಮೆಟ್ಟಿಲುಗಳೇ ಇವರ ಪರ್ವತವಾದವು. ಮಗಳು ಏಳನೆಯ ಮಹಡಿಯ ಬಾಗಿಲಲ್ಲಿ ಎಕ್ಸಾಮಿನರ್ ಹಾಗೆ ನಿಂತಿರುತ್ತಿದ್ದಳು.

ಬೇಸಿಗೆಯ ಒಂದು ಸಂಜೆ ಇವರು ನಗುತ್ತಲೇ ಮೇಲೆ ಬಂದರು. "ನೋಡವ್ವಾ, ಎಲ್ಲೂ ಕೂತಿಲ್ಲ!"

"ಸೂಪರ್ ಅಪ್ಪಾ!" ಎಂದು ಮಗಳು ಅಂದೇ ಟಿಕೆಟ್ ಬುಕ್ ಮಾಡಿದಳು.

ಬೆನ್ನು ಒರೆಸಲು ಟವೆಲ್ ತಂದ ನಾನು ಅಂಗಿ ಮುಟ್ಟಿ ನೋಡಿ ಟವೆಲ್ ಮಡಿಚಿಟ್ಟೆ. ನಮ್ಮ ಮೆಟ್ಟಿಲಿನ ಕಡೆ ಎ.ಸಿ. ಇಲ್ಲ. ಬೇಸಿಗೆಯಲ್ಲಿ ಕಸದ ಚೀಲ ಹಿಡಿದು ಒಂದು ಮಹಡಿ ಇಳಿದರೂ ನನ್ನ ರವಿಕೆ ತೊಯ್ದು ತೊಪ್ಪೆಯಾಗುತ್ತದೆ. ಇವರ ಅಂಗಿ ಈಗಷ್ಟೇ ಇಸ್ತ್ರಿ ಮಾಡಿದಂತಿತ್ತು.

ಅಡುಗೆಮನೆಯಲ್ಲಿ ಕೇಳಿದೆ: "ಆರನೇ ಮಹಡಿತನಕ ಲಿಫ್ಟ್ ಛಲೋ ನಡದದ ಏನ್ರೀ?"

"ಸುಮ್ನಿರ. ನಾ ಬರಲಿಲ್ಲಂದ್ರ ನೀ ಒಬ್ಬಾಕಿ ಹೋಗ್ತೀಯೇನು?"

ಹೋಗುತ್ತಿರಲಿಲ್ಲ. ಅದು ಇವರಿಗೂ ಗೊತ್ತಿತ್ತು.

ಮರುದಿನದಿಂದ ನಾನೂ ಜೊತೆಗೆ ಹತ್ತಿದೆ. ನಾಲ್ಕನೆಯ ಮಹಡಿಗೆ ಬಂದರೆ ಇವರು ಕೂತೇಬಿಡುತ್ತಿದ್ದರು. ಹಾಗೆ ಕೂತ ಮುದುಕರಿಬ್ಬರನ್ನು ಕಂಡ ವಾಚ್‌ಮನ್ "ಮಾಜೀ, ಲಿಫ್ಟ್ ಖರಾಬ್ ಹೈ ಕ್ಯಾ?" ಎಂದು ಗಾಬರಿಯಾಗಿ ಶುವೈಖ್‌ನ ವರ್ಕ್‌ಶಾಪಿನಿಂದ ಮೆಕ್ಯಾನಿಕ್‌ನನ್ನೇ ಕರೆಸಿಬಿಟ್ಟ. "ಮಗಳಿಗೆ ಹೇಳ್ರಿ" ಎಂದು ಇವರಿಗೆ ಅಂದೆ. "ಟಿಕೆಟ್ ಆಗ್ಯಾವ, ಖಲಾಸ್" ಎಂದರು. ವಿಮಾನ ಹತ್ತುವಾಗ ಎಲ್ಲರಿಗೂ ಸಂಭ್ರಮ. ನನ್ನ ಎದೆಯಲ್ಲಿ ಮಾತ್ರ ಕಲ್ಲು.

ಮಾಚು ಪಿಚ್ಚುವಿನ ಮೆಟ್ಟಿಲುಗಳು ಒಂದು ಎತ್ತರ, ಇನ್ನೊಂದು ಗಿಡ್ಡ. ತಣ್ಣನೆಯ, ತೆಳುವಾದ ಗಾಳಿ. ಮೊಮ್ಮಗಳು ಮೇಕೆಮರಿಯ ಹಾಗೆ ಮುಂದೆ ಓಡಿದಳು. ಇವರು ಮಾತ್ರ ನಾಲ್ಕು ಹೆಜ್ಜೆಗೊಮ್ಮೆ ನಿಂತು ಗೈಡ್‌ನನ್ನು ಇಂಗ್ಲಿಷಿನಲ್ಲಿ ವಿಚಾರಿಸುತ್ತಿದ್ದರು: ನೀರು ಎಲ್ಲಿಂದ ಬರುತ್ತಿತ್ತು, ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತಿತ್ತು. ಗೈಡ್ ಖುಷಿಯಿಂದ ವಿವರಿಸುತ್ತಿದ್ದ. "ಅಪ್ಪಗ ಎಷ್ಟ್ ಇಂಟರೆಸ್ಟ್ ನೋಡವ್ವಾ!" ಎಂದಳು ಮಗಳು. ಇಂಟರೆಸ್ಟ್ ಅಲ್ಲ, ಉಸಿರು ತೆಗೆದುಕೊಳ್ಳುವ ನೆಪ. ನಾನು ಕಲ್ಲುಗಳನ್ನು ನೋಡಲೇ ಇಲ್ಲ. ನೀಲಿಗಟ್ಟೀತೆಂದು ಇವರ ತುಟಿಯ ಬಣ್ಣವನ್ನೇ ನೋಡುತ್ತಿದ್ದೆ.

ಕಡಿದಾದ ಏರೊಂದರಲ್ಲಿ ಇವರು ಗೋಡೆ ಹಿಡಿದು ನಿಂತರು.

"ಸಾಕ್ರೀ, ಇಲ್ಲೇ ಕೂಡೋಣು."

"ಇಲ್ಲೇನ್ ಲಿಫ್ಟ್ ಅದ? ಇದೊಂದರ ನಾನ ಹತ್ತಬೇಕು."

"ವಾಟ್ ಲಿಫ್ಟ್, ಅಜ್ಜಾ?" ಮೊಮ್ಮಗಳು ತಿರುಗಿ ನಿಂತಳು.

ಮಗಳೂ ತಿರುಗಿದಳು. ಇವರ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿದುಹೋಯಿತು.

"ಅವ್ವಾ, ನಿನಗೂ ಗೊತ್ತಿತ್ತು?"

"ಗೊತ್ತಿತ್ತು."

ಅವಳ ಕಣ್ಣು ತುಂಬಿದವು. ಬೈಯಲಿಲ್ಲ. ತಂದೆಯನ್ನು ಮೆಟ್ಟಿಲ ಮೇಲೆ ಕೂಡಿಸಿ, ನೀರು ಕೊಟ್ಟು, ಪಕ್ಕದಲ್ಲೇ ಕೂತಳು. "ಇನ್ನ ಮ್ಯಾಲ ಎಲ್ಲಾರೂ ಕೂತ್ ಕೂತ್ ಹೋಗೋದು. ಬ್ಯಾಡ ಅನಿಸಿದ್ರ ಅಲ್ಲಿಂದನ ವಾಪಸ್. ಅಪ್ಪಾ, ಪ್ರಾಮಿಸ್?"

"ಪ್ರಾಮಿಸ್."

ಒಬ್ಬಳೇ ಹೊತ್ತು ತಂದಿದ್ದ ಭಯವನ್ನು ಮಗಳು ಅರ್ಧ ಇಳಿಸಿಕೊಂಡಳು. ಹಾಗೆ ಕೂತು, ಎದ್ದು, ಮತ್ತೆ ಕೂತು, ನಮ್ಮ ಹಿಂದೆ ಬಂದವರೆಲ್ಲ ದಾಟಿಹೋದ ಮೇಲೆ ನಾವೂ ಮೇಲೆ ತಲುಪಿದೆವು. ಮೋಡ ಸರಿದು, ಸಿಸ್ಟರ್ ಹೇಳಿದ್ದ ಊರು ಇಡಿಯಾಗಿ ಕೆಳಗೆ ಹರಡಿತು. ನಾನು ಇವರ ಸ್ವೆಟರ್ ಎತ್ತಿ ಬೆನ್ನಿಗೆ ಕೈ ಹಾಕಿದೆ. ಅಂಗಿ ಹಿಂಡುವಷ್ಟು ಒದ್ದೆ. ತುಟಿ ಕೆಂಪಗೇ ಇತ್ತು.

"ಏನ್ ನೋಡ್ತಿ?"

"ಇವತ್ತ ಖರೇನ ಹತ್ತೀರಿ."

ಇಬ್ಬರೂ ನಗತೊಡಗಿದೆವು. ಕೂದಲಲ್ಲಿದ್ದ ಹೇರ್‌ಪಿನ್ ನೆನಪಾದದ್ದು ಇಳಿಯುವ ಬಸ್ಸಿನಲ್ಲಿ, ಇವರು ನನ್ನ ಹೆಗಲಿಗೆ ಒರಗಿ ಗೊರಕೆ ಹೊಡೆಯುತ್ತಿದ್ದಾಗ.